ರೇಡಿಯೇಟರ್ ಫ್ಯಾನಿನ ವೈರಿಂಗ್: ರಿಲೇ, ಅರ್ತ್ ಮತ್ತು ಉಷ್ಣ ಸ್ವಿಚ್

ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತಿದ್ದ ಹಳೆಯ ಫ್ಯಾನನ್ನು ತೆಗೆದು ಎಲೆಕ್ಟ್ರಿಕ್ ಫ್ಯಾನ್ ಕೂರಿಸುವವರಿಗೂ, ಮೊದಲಿನಿಂದಲೂ ಇದ್ದ ಎಲೆಕ್ಟ್ರಿಕ್ ಫ್ಯಾನಿನ ವೈರುಗಳು ಕರಗಿಹೋಗಿ ಹೊಸದಾಗಿ ಎಳೆಯಬೇಕಾಗಿ ಬಂದವರಿಗೂ ಎದುರಾಗುವ ತೊಂದರೆಗಳು ಬಹುಮಟ್ಟಿಗೆ ಒಂದೇ. ಫ್ಯಾನ್ ತಿರುಗುತ್ತಿದ್ದರೂ ನಿಂತ ವಾಹನದಲ್ಲಿ ಎಂಜಿನ್ ಬಿಸಿಯಾಗುತ್ತದೆ. ಅಥವಾ ಬಿಸಿಯಾದ ಮೇಲೂ ಫ್ಯಾನ್ ತಿರುಗುವುದಿಲ್ಲ. ಅಥವಾ ಒಮ್ಮೆ ತಿರುಗಲು ಶುರುವಾದರೆ ನಿಲ್ಲುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಇನ್ನೂ ದೊಡ್ಡ ಫ್ಯಾನ್ ತಂದು ಹಾಕೋಣವೆಂದು ಅನ್ನಿಸುವುದು ಸಹಜ. ಆದರೆ ದೋಷ ಫ್ಯಾನಿನಲ್ಲೇ ಇರುವುದು ಅಪರೂಪ. ಒಂದೋ ಬ್ಯಾಟರಿಯಲ್ಲಿರುವ ವೋಲ್ಟೇಜ್ ಫ್ಯಾನಿನವರೆಗೆ ತಲುಪುತ್ತಿರುವುದಿಲ್ಲ, ಇಲ್ಲವೇ ಫ್ಯಾನಿಗೆ ಆಜ್ಞೆ ಕೊಡಬೇಕಾದ ಸ್ವಿಚ್ಚು ತಪ್ಪು ಜಾಗದಲ್ಲಿ ಕೂತು ತಪ್ಪು ಬಿಸಿಯನ್ನು ಅಳೆಯುತ್ತಿರುತ್ತದೆ.

ಈ ಎರಡು ದೋಷಗಳೂ ಎರಡು ಬೇರೆ ಸರ್ಕ್ಯೂಟುಗಳಿಗೆ ಸೇರಿದವು. ಮೊದಲನೆಯದು ಹೊರೆ ಹೊರುವ ಸರ್ಕ್ಯೂಟು: ಬ್ಯಾಟರಿ, ಫ್ಯೂಸ್, ರಿಲೇಯ ಸಂಪರ್ಕಗಳು, ಫ್ಯಾನ್, ಅರ್ತ್, ಮತ್ತೆ ಬ್ಯಾಟರಿ. ಎರಡನೆಯದು ಆಜ್ಞೆ ಕೊಡುವ ಸರ್ಕ್ಯೂಟು: ಇಗ್ನಿಷನ್ ವೈರು, ಚಿಕ್ಕ ಫ್ಯೂಸ್, ರಿಲೇಯ ಸುರುಳಿ, ಉಷ್ಣ ಸ್ವಿಚ್, ಅರ್ತ್. ರಿಲೇ ಎಂದರೆ ಸುರುಳಿಗೆ ಚಿಕ್ಕ ಕರೆಂಟು ಬಂದಾಗ ದೊಡ್ಡ ಕರೆಂಟಿನ ಸಂಪರ್ಕಗಳನ್ನು ಕೂಡಿಸುವ ಸ್ವಿಚ್ಚು; ಅರ್ತ್ ಎಂದರೆ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟು ಮರಳುವ ದಾರಿ, ಸಾಮಾನ್ಯವಾಗಿ ವಾಹನದ ಲೋಹದ ಮೈ; ಉಷ್ಣ ಸ್ವಿಚ್ ಎಂದರೆ ನೀರು ಬಿಸಿಯಾದಾಗ ತಾನಾಗಿ ಕೂಡುವ ಸ್ವಿಚ್ಚು. ಮೊದಲನೆಯದರಲ್ಲಿ ಇಪ್ಪತ್ತು, ಮೂವತ್ತು ಆಂಪಿಯರ್ ಹರಿಯುತ್ತದೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಒಂದು ಆಂಪಿಯರಿನ ಕಾಲು ಭಾಗವೂ ಹರಿಯುವುದಿಲ್ಲ. ಈ ಎರಡನ್ನೂ ಕಾಗದದ ಮೇಲೆ ಬೇರೆ ಬೇರೆಯಾಗಿ ಬರೆದುಕೊಂಡು ಕೆಲಸ ಶುರುಮಾಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ನಾನು ಮೊದಲ ಸಲ ಇಂಥ ಕೆಲಸಕ್ಕೆ ಕೈ ಹಾಕಿದಾಗ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಫ್ಯಾನಿಗೆ ಕರೆಂಟು ಕೊಟ್ಟಿದ್ದೆ. ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗಿ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ರಿಲೇ ಇರುವುದು ಯಾಕೆಂದು ತಿಳಿದದ್ದು.

ಕೈ ಹಾಕುವ ಮುನ್ನ

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲನ್ನು ಕಳಚಿಡಬೇಕು. ಎಂಜಿನ್ ನಿಂತಿದ್ದರೂ, ಕೀ ಹೊರಗಿದ್ದರೂ ತಾನಾಗಿ ತಿರುಗುವ ಫ್ಯಾನುಗಳಿವೆ. ಬೆರಳು ಅಲಗಿನ ನಡುವೆ ಇರುವಾಗ ಅದು ಶುರುವಾಗುವುದನ್ನು ಯಾರೂ ಬಯಸಲಾರರು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಹೈಬ್ರಿಡ್ ಮತ್ತು ಬ್ಯಾಟರಿ ವಾಹನಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳು ನೂರಾರು ವೋಲ್ಟ್ ಹೊತ್ತಿರುತ್ತವೆ, ಅವುಗಳ ಹತ್ತಿರ ಈ ಬರಹವನ್ನು ನಂಬಿ ಹೋಗುವಂತಿಲ್ಲ. ಇಲ್ಲಿ ಹೇಳುವ ಅಂಕಿಗಳೆಲ್ಲ 12 ವೋಲ್ಟಿನ ವಾಹನಕ್ಕೆ ಸಂಬಂಧಿಸಿದವು. 24 ವೋಲ್ಟಿನ ವಾಹನದಲ್ಲಿ ಅಷ್ಟೇ ವ್ಯಾಟಿನ ಫ್ಯಾನು ಅರ್ಧ ಕರೆಂಟನ್ನು ಎಳೆಯುತ್ತದೆ. ಆದರೆ ಫ್ಯಾನ್, ರಿಲೇ ಎರಡೂ 24 ವೋಲ್ಟಿನವೇ ಆಗಿರಬೇಕು.

ಫ್ಯಾನ್ ಎಷ್ಟು ಕರೆಂಟು ಎಳೆಯುತ್ತದೆ

ಉಳಿದ ಲೆಕ್ಕಗಳೆಲ್ಲ ಈ ಒಂದು ಅಂಕಿಯ ಮೇಲೆ ನಿಲ್ಲುವುದರಿಂದ ಇದನ್ನು ಊಹಿಸದೆ ಅಳೆಯುವುದು ಒಳ್ಳೆಯದು. ಫ್ಯಾನನ್ನು ರೇಡಿಯೇಟರಿಗೆ ಬಿಗಿದು, ಎಂಜಿನ್ ಓಡಿಸಿ ಬ್ಯಾಟರಿಯ ವೋಲ್ಟೇಜ್ 13.5ರಿಂದ 14ರ ಆಸುಪಾಸಿಗೆ ಬಂದ ಮೇಲೆ, ಡಿ.ಸಿ. ಅಳೆಯಬಲ್ಲ ಕ್ಲ್ಯಾಂಪ್ ಮೀಟರನ್ನು ಫ್ಯಾನಿನ ವೈರಿಗೆ ಹಾಕಿ ನೋಡಬೇಕು. ಹಲವು ಅಗ್ಗದ ಕ್ಲ್ಯಾಂಪ್ ಮೀಟರುಗಳು ಎ.ಸಿ. ಕರೆಂಟನ್ನು ಮಾತ್ರ ಅಳೆಯುತ್ತವೆ ಎಂಬುದು ನೆನಪಿರಲಿ. ಫ್ಯಾನನ್ನು ಕೈಯಲ್ಲಿ ಹಿಡಿದು ಬಯಲಲ್ಲಿ ತಿರುಗಿಸಿ ಅಳೆದ ಅಂಕಿ, ರೇಡಿಯೇಟರಿನ ಹಿಂದೆ ಕೂತಾಗಿನ ಅಂಕಿ ಎರಡೂ ಒಂದೇ ಆಗಿರುವುದಿಲ್ಲ.

ಸುಮಾರು 10 ಇಂಚಿನ ಚಿಕ್ಕ ಫ್ಯಾನು ಏಳರಿಂದ ಹತ್ತು ಆಂಪಿಯರ್ ಎಳೆದರೆ, 16 ಇಂಚಿನ ಬಲವಾದ ಫ್ಯಾನು ಹದಿನೈದರಿಂದ ಇಪ್ಪತ್ತೈದರವರೆಗೆ ಎಳೆಯುತ್ತದೆ. ಜೋಡಿ ಫ್ಯಾನುಗಳು ನಲವತ್ತನ್ನೂ ದಾಟಬಹುದು. ಇದು ಓಡುತ್ತಿರುವಾಗಿನ ಮಾತು. ನಿಂತ ಮೋಟಾರು ಹೊರಡುವ ಕ್ಷಣದಲ್ಲಿ ಇದರ ಎರಡು, ಮೂರು ಪಟ್ಟು ಅಥವಾ ಇನ್ನೂ ಹೆಚ್ಚು ಕರೆಂಟನ್ನು ಒಂದು ಕ್ಷಣ ಎಳೆಯುತ್ತದೆ. ಈ ಬರಹದ ಉದ್ದಕ್ಕೂ ಉದಾಹರಣೆಗಾಗಿ 25 ಆಂಪಿಯರ್ ಎಳೆಯುವ ಒಂದು ಫ್ಯಾನನ್ನು ಇಟ್ಟುಕೊಳ್ಳೋಣ.

ಇದೇ ಹೊತ್ತಿನಲ್ಲಿ ಆಲ್ಟರ್ನೇಟರಿನ ಕಡೆಗೂ ಒಮ್ಮೆ ನೋಡಬೇಕು. 25 ಆಂಪಿಯರ್ ಎಂದರೆ 13.5 ವೋಲ್ಟಿನಲ್ಲಿ ಸುಮಾರು 340 ವ್ಯಾಟ್. 55 ವ್ಯಾಟಿನ ಹೆಡ್‌ಲೈಟ್ ಬಲ್ಬುಗಳು ಆರು ಒಟ್ಟಿಗೆ ಉರಿದಂತೆ. ಫ್ಯಾನ್ ಹೆಚ್ಚಾಗಿ ಬೇಕಾಗುವುದು ವಾಹನ ನಿಂತು ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಮತ್ತು ಆಲ್ಟರ್ನೇಟರು ತನ್ನ ಮೇಲೆ ಬರೆದಿರುವ ಆಂಪಿಯರನ್ನು ಕೊಡಲಾರದ ಹೊತ್ತೂ ಅದೇ. ರಾತ್ರಿ, ಮಳೆ, ಎ.ಸಿ. ಎಲ್ಲ ಸೇರಿದಾಗ ವೋಲ್ಟೇಜ್ 12.5ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಬ್ಯಾಟರಿ ಖಾಲಿಯಾಗುತ್ತಿದೆ ಎಂದೇ ಅರ್ಥ; ಆಗ ಫ್ಯಾನಿನ ವೈರಿಂಗ್ ಎಷ್ಟು ಚೆನ್ನಾಗಿದ್ದರೂ ಸಾಲದು.

ವೈರು, ಫ್ಯೂಸು

ತಾಮ್ರದ ವೈರಿನ ರೋಧವನ್ನು ಲೆಕ್ಕ ಹಾಕುವುದು ಸುಲಭ. ಒಂದು ಮೀಟರ್ ಉದ್ದದ, ಒಂದು ಚದರ ಮಿಲಿಮೀಟರ್ ದಪ್ಪದ ವೈರಿಗೆ ಸುಮಾರು 0.0172 ಓಮ್ ರೋಧವಿರುತ್ತದೆ. ಉದ್ದ ಹೆಚ್ಚಿದಷ್ಟು ರೋಧ ಹೆಚ್ಚು, ದಪ್ಪ ಹೆಚ್ಚಿದಷ್ಟು ಕಡಿಮೆ. ಬ್ಯಾಟರಿಯಿಂದ ಫ್ಯಾನಿಗೆ ಮೂರು ಮೀಟರ್, ಫ್ಯಾನಿನಿಂದ ಮರಳಿ ಮೂರು ಮೀಟರ್ ವೈರು ಎಳೆದು 25 ಆಂಪಿಯರ್ ಹರಿಸಿದರೆ 2.5 ಚದರ ಮಿಲಿಮೀಟರ್ ವೈರಿನಲ್ಲಿ ಸುಮಾರು 1.03 ವೋಲ್ಟ್ ನಷ್ಟವಾಗುತ್ತದೆ, 4 ಚದರ ಮಿಲಿಮೀಟರಿನಲ್ಲಿ 0.65, 6 ಚದರ ಮಿಲಿಮೀಟರಿನಲ್ಲಿ 0.43. ಇದು ತಣ್ಣಗಿನ ತಾಮ್ರದ ಲೆಕ್ಕ. ಎಂಜಿನ್ ಕೋಣೆಯ 80 ಡಿಗ್ರಿ ಬಿಸಿಯಲ್ಲಿ ರೋಧವು ಇನ್ನೂ ಸುಮಾರು ಕಾಲು ಭಾಗ ಏರುತ್ತದೆ. ಎರಡು ವೋಲ್ಟ್ ಕಡಿಮೆಯಾದ ಫ್ಯಾನು ತಿರುಗುತ್ತದೆ, ಸದ್ದನ್ನೂ ಮಾಡುತ್ತದೆ, ಆದರೆ ಅದರ ವೇಗವೂ ಅದು ಎಳೆಯುವ ಗಾಳಿಯೂ ಹತ್ತಿರ ಹತ್ತಿರ ಅದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ. ಕಣ್ಣಿಗೆ ಕಾಣದ ಈ ಕೊರತೆಯನ್ನೇ ಜನ ಫ್ಯಾನ್ ಸಾಲದು ಎಂದು ಓದಿಕೊಳ್ಳುತ್ತಾರೆ.

ಹಾಗಾಗಿ 25 ಆಂಪಿಯರಿನ ಫ್ಯಾನಿಗೆ 4 ಚದರ ಮಿಲಿಮೀಟರ್ ಕನಿಷ್ಠವೆಂದೂ, ದೂರ ಹೆಚ್ಚಿದ್ದರೆ 6 ಉತ್ತಮವೆಂದೂ ಇಟ್ಟುಕೊಳ್ಳಬಹುದು. ಬಳಸುವ ವೈರು ಬಹಳ ಎಳೆಗಳಿಂದಾದ, ವಾಹನಕ್ಕೆಂದೇ ಮಾಡಿದ ವೈರಾಗಿರಬೇಕು. ಮನೆಯ ವೈರಿಂಗಿಗೆ ಬಳಸುವ ಗಟ್ಟಿ ಒಂಟಿ ಎಳೆಯ ವೈರು ನಡುಕಕ್ಕೆ ಮುರಿಯುತ್ತದೆ. ಅದರ ಹೊದಿಕೆ ಎಣ್ಣೆ ಮತ್ತು ಬಿಸಿಯನ್ನು ತಾಳುವಂಥದ್ದೂ ಅಲ್ಲ.

ಫ್ಯೂಸು ಇರುವುದು ಫ್ಯಾನನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಆದ್ದರಿಂದ ಅದು ಫ್ಯಾನಿನ ಹತ್ತಿರವಲ್ಲ, ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರು ಎಲ್ಲಾದರೂ ವಾಹನದ ಲೋಹದ ಮೈಗೆ ಉಜ್ಜಿ ತಾಗಿದರೆ ಅದನ್ನು ತಡೆಯುವವರು ಯಾರೂ ಇಲ್ಲ. ಆ ಭಾಗ ಚಿಕ್ಕದಾದಷ್ಟೂ ಒಳ್ಳೆಯದು. ಫ್ಯೂಸಿನ ಅಂಕಿ ಓಡುವ ಕರೆಂಟಿಗಿಂತ ಕಾಲು ಭಾಗದಿಂದ ಅರ್ಧ ಭಾಗದಷ್ಟು ಹೆಚ್ಚಿರಬೇಕು, ಆದರೆ ವೈರು ತಾಳಬಲ್ಲ ಕರೆಂಟನ್ನು ಮೀರಬಾರದು. ನಮ್ಮ ಉದಾಹರಣೆಗೆ 35 ಆಂಪಿಯರ್ ಸರಿಯಾಗುತ್ತದೆ. ಹೊರಡುವ ಕ್ಷಣದ ಸೆಳೆತಕ್ಕೆ ಫ್ಯೂಸು ಹೋಗುತ್ತಿದ್ದರೆ ಅಂಕಿಯನ್ನು ಏರಿಸುತ್ತಾ ಹೋಗುವ ಬದಲು ನಿಧಾನವಾಗಿ ಕರಗುವ ಬಗೆಯ ದೊಡ್ಡ ಮ್ಯಾಕ್ಸಿ ಫ್ಯೂಸಿಗೆ ಬದಲಾಯಿಸುವುದು ಸರಿಯಾದ ದಾರಿ. ಸಾಮಾನ್ಯ ಬ್ಲೇಡ್ ಫ್ಯೂಸಿನ ಅಗ್ಗದ ಹೋಲ್ಡರುಗಳು 25 ಆಂಪಿಯರ್ ಎಡೆಬಿಡದೆ ಹರಿದರೆ ತಾವೇ ಬಿಸಿಯಾಗಿ ಕರಗುವುದುಂಟು. ಫ್ಯೂಸು ಹಾಳಾಗದೆ ಹೋಲ್ಡರು ಮಾತ್ರ ಕಂದಿ ಹೋಗಿದ್ದರೆ ಕಾರಣ ಅದೇ.

ರಿಲೇ

ಸಾಮಾನ್ಯವಾಗಿ ಸಿಗುವ ಚೌಕ ರಿಲೇಯ ಅಡಿಯಲ್ಲಿ 30, 85, 86, 87 ಎಂಬ ಅಂಕಿಗಳಿರುತ್ತವೆ. ಐದು ಪಿನ್ನಿನದಾದರೆ ನಡುವೆ 87ಎ ಇರುತ್ತದೆ. 85 ಮತ್ತು 86 ಸುರುಳಿಯ ಎರಡು ತುದಿಗಳು. 30ಕ್ಕೆ ಫ್ಯೂಸಿನಿಂದ ಬಂದ ವೈರು, 87ರಿಂದ ಫ್ಯಾನಿಗೆ ಹೋಗುವ ವೈರು. ಸುರುಳಿಗೆ ಕರೆಂಟು ಬಂದಾಗ 30 ಮತ್ತು 87 ಕೂಡುತ್ತವೆ. ಬಾರದಿದ್ದಾಗ 30 ಮತ್ತು 87ಎ ಕೂಡಿರುತ್ತವೆ. ಒಂದೇ ಫ್ಯಾನಿನ ಕೆಲಸಕ್ಕೆ 87ಎ ಬೇಕಿಲ್ಲ, ಅದನ್ನು ಖಾಲಿ ಬಿಟ್ಟರಾಯಿತು.

ರಿಲೇಯ ಮೇಲೆ 40 ಆಂಪಿಯರ್ ಎಂದು ಬರೆದಿದ್ದರೆ ಅದು ತಣ್ಣಗಿನ ಜಾಗದಲ್ಲಿ ಅಳೆದ ಮಾತು. ಎಂಜಿನ್ನಿನ ಪಕ್ಕದಲ್ಲಿ, ಗಂಟೆಗಟ್ಟಲೆ ಮೋಟಾರು ಓಡಿಸುವ ಕೆಲಸದಲ್ಲಿ ಅದರ ಮೂರರಲ್ಲಿ ಎರಡು ಭಾಗವನ್ನಷ್ಟೇ ನಂಬುವುದು ನನ್ನ ರೂಢಿ. ಆ ಲೆಕ್ಕದಲ್ಲಿ 25 ಆಂಪಿಯರಿನ ಫ್ಯಾನಿಗೆ 40ರ ರಿಲೇ ಸರಿಯಾಗಿ ಹೊಂದುತ್ತದೆ. ಅದಕ್ಕಿಂತ ದೊಡ್ಡ ಫ್ಯಾನಿಗೆ ಅಗಲವಾದ 9.5 ಮಿಲಿಮೀಟರ್ ಪಿನ್ನುಗಳಿರುವ 70 ಆಂಪಿಯರಿನ ರಿಲೇ ಬೇಕು. ಎರಡು ಫ್ಯಾನುಗಳನ್ನು ಒಂದೇ ರಿಲೇಗೆ ಕಟ್ಟುವುದಕ್ಕಿಂತ ಎರಡಕ್ಕೂ ಪ್ರತ್ಯೇಕ ರಿಲೇ, ಪ್ರತ್ಯೇಕ ಫ್ಯೂಸ್ ಕೊಡುವುದು ಲೇಸು, ಏಕೆಂದರೆ ಒಂದು ಕೆಟ್ಟಾಗ ಇನ್ನೊಂದಾದರೂ ಮನೆಗೆ ತಲುಪಿಸುತ್ತದೆ.

ಸುರುಳಿಗೆ ಕರೆಂಟು ನಿಂತ ಕ್ಷಣದಲ್ಲಿ ಅದರಿಂದ ಹಿಮ್ಮುಖವಾಗಿ ನೂರಕ್ಕೂ ಮೀರಿದ ವೋಲ್ಟಿನ ಒಂದು ಕಿಡಿ ಹೊಮ್ಮುತ್ತದೆ. ಉಷ್ಣ ಸ್ವಿಚ್ಚಿನ ತುದಿಗಳನ್ನು ಅದು ನಿಧಾನವಾಗಿ ತಿನ್ನುತ್ತದೆ; ಎಲೆಕ್ಟ್ರಾನಿಕ್ ನಿಯಂತ್ರಕವಿದ್ದರೆ ಒಂದೇ ಏಟಿಗೆ ಕೊಲ್ಲಲೂಬಹುದು. ಇದಕ್ಕೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, 1ಎನ್4007 ಬಗೆಯ ಒಂದು ಡಯೋಡನ್ನು ಸುರುಳಿಗೆ ಅಡ್ಡಲಾಗಿ, ಅದರ ಪಟ್ಟಿಯಿರುವ ತುದಿ ಪಾಸಿಟಿವ್ ಕಡೆಗೆ ಬರುವಂತೆ ಜೋಡಿಸಬೇಕು. ಡಯೋಡನ್ನು ಒಳಗೇ ಇಟ್ಟುಕೊಂಡ ರಿಲೇಗಳೂ ಇವೆ. ಅವುಗಳಲ್ಲಿ 86 ಪಾಸಿಟಿವ್, 85 ನೆಗೆಟಿವ್ ಎಂಬ ಕ್ರಮವನ್ನು ತಪ್ಪಿಸುವಂತಿಲ್ಲ, ತಪ್ಪಿಸಿದರೆ ಡಯೋಡು ಸುಟ್ಟುಹೋಗುತ್ತದೆ. ಹಾಗಾಗಿ ಯಾವ ರಿಲೇಯಾದರೂ ಇದೇ ಕ್ರಮವನ್ನು ಪಾಲಿಸುವುದು ಒಳ್ಳೆಯ ಅಭ್ಯಾಸ. ರಿಲೇಯನ್ನು ಪಿನ್ನುಗಳು ಕೆಳಮುಖವಾಗುವಂತೆ, ನೀರು ಎರಚದ, ಎಕ್ಸಾಸ್ಟಿನ ಬಿಸಿ ತಾಗದ ಜಾಗದಲ್ಲಿ ಕೂರಿಸಬೇಕು.

ಅರ್ತ್ ಮತ್ತು ಜೋಡಣೆಗಳು

ಈ ಕೆಲಸದಲ್ಲಿ ನಾನು ಕಂಡ ದೋಷಗಳಲ್ಲಿ ಹೆಚ್ಚಿನವು ಇಲ್ಲಿ ಸಿಕ್ಕಿವೆ. ಪಾಸಿಟಿವ್ ವೈರಿಗೆ ಅಷ್ಟೆಲ್ಲ ಲೆಕ್ಕ ಹಾಕಿದವರೂ ಫ್ಯಾನಿನ ಕಪ್ಪು ವೈರನ್ನು ಹತ್ತಿರದ ಯಾವುದೋ ಬೋಲ್ಟಿಗೆ ಬಣ್ಣದ ಮೇಲೆಯೇ ಬಿಗಿದು ಸುಮ್ಮನಾಗುತ್ತಾರೆ. ಬಂದ ಕರೆಂಟಷ್ಟೂ ಅದೇ ದಾರಿಯಲ್ಲಿ ಮರಳಬೇಕೆಂಬುದು ಮರೆತುಹೋಗುತ್ತದೆ. ಒಂದು ಕೆಟ್ಟ ಜೋಡಣೆಯ ರೋಧ ಬರೀ 0.05 ಓಮ್ ಇದೆ ಎಂದುಕೊಳ್ಳಿ. 25 ಆಂಪಿಯರಿಗೆ ಅಲ್ಲಿ 1.25 ವೋಲ್ಟ್ ನಷ್ಟವಾಗುತ್ತದೆ, 31 ವ್ಯಾಟ್ ಶಾಖ ಹುಟ್ಟುತ್ತದೆ. ಚಿಕ್ಕ ಸಾಲ್ಡರಿಂಗ್ ಐರನ್ನೊಂದನ್ನು ಆ ಬೋಲ್ಟಿಗೆ ಕಟ್ಟಿ ಬಿಟ್ಟಂತೆಯೇ ಸರಿ. ಅಷ್ಟು ಚಿಕ್ಕ ರೋಧವನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆ ತೋರಿಸುವುದೂ ಇಲ್ಲ. ಕರೆಂಟು ಹರಿಯುತ್ತಿರುವಾಗ ವೋಲ್ಟೇಜ್ ನಷ್ಟವನ್ನು ಅಳೆದರೆ ಮಾತ್ರ ಕಾಣುತ್ತದೆ.

ಅರ್ತ್ ವೈರು ಪಾಸಿಟಿವ್ ವೈರಿನಷ್ಟೇ ದಪ್ಪವಾಗಿರಬೇಕು. ವಾಹನದ ಬಾಡಿಗೆ ಬಿಗಿಯುವುದಾದರೆ ಬಣ್ಣವನ್ನು ಹೊಳೆಯುವ ಲೋಹ ಕಾಣುವಷ್ಟು ಕೆರೆದು, ಉಂಗುರದ ಲಗ್ಗನ್ನು (ವೈರಿನ ತುದಿಗೆ ಹಾಕುವ ಲೋಹದ ಜೋಡಣೆ) ಹಲ್ಲಿನ ವಾಷರಿನೊಡನೆ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಅಥವಾ ಬಣ್ಣ ಹಚ್ಚಬೇಕು. ಬಾಡಿಯಿಂದ ಬ್ಯಾಟರಿಗೆ ಹೋಗುವ ಮೂಲ ಅರ್ತ್ ಪಟ್ಟಿಯೂ ಹಳೆಯದಾಗಿದ್ದರೆ ಎಲ್ಲ ಶ್ರಮವೂ ವ್ಯರ್ಥ. ಸಂಶಯವಿದ್ದಲ್ಲಿ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೇ ವೈರು ಎಳೆಯುವುದು ಸುಲಭದ ಪರಿಹಾರ. ಆದರೆ ಬ್ಯಾಟರಿ ಸೆನ್ಸರನ್ನು ನೆಗೆಟಿವ್ ಟರ್ಮಿನಲ್ಲಿನ ಮೇಲೆ ಕೂರಿಸಿರುವ ಹೊಸ ವಾಹನಗಳಲ್ಲಿ ಸೆನ್ಸರಿನ ಬಾಡಿ ಕಡೆಯ ತುದಿಗೆ ಜೋಡಿಸಬೇಕು, ಇಲ್ಲದಿದ್ದರೆ ಆ ಕರೆಂಟು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಲಗ್ಗುಗಳನ್ನು ವೈರಿನ ಮೇಲೆ ಬಿಗಿಯಾಗಿ ಒತ್ತಿ ಹಿಡಿಸುವ ಸರಿಯಾದ ಕ್ರಿಂಪ್ ಉಪಕರಣದಿಂದ ಒತ್ತಬೇಕು. ಇಕ್ಕಳದಿಂದ ಚಪ್ಪಟೆ ಮಾಡಿದ್ದು ಕ್ರಿಂಪ್ ಆಗುವುದಿಲ್ಲ. ಬರೀ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಗಡುಸಾಗಿ ನಡುಕಕ್ಕೆ ತುಂಡಾಗುವ ಸಂಭವ ಹೆಚ್ಚು. ಒಳಗೆ ಅಂಟು ಸವರಿರುವ, ಬಿಸಿಗೆ ಕುಗ್ಗುವ ಕೊಳವೆಯಿಂದ ಮುಚ್ಚಿದರೆ ನೀರು ಒಳಗೆ ಹೋಗುವುದಿಲ್ಲ.

ಯಾವಾಗ ತಿರುಗಬೇಕು

ಆಜ್ಞೆಯ ಸರ್ಕ್ಯೂಟಿನಲ್ಲಿ ತೀರ್ಮಾನಿಸಬೇಕಾದದ್ದು ಮುಖ್ಯವಾಗಿ ಎರಡು: ಸ್ವಿಚ್ಚು ಯಾವ ಬಿಸಿಗೆ ಕೂಡಬೇಕು ಮತ್ತು ಎಲ್ಲಿ ಕೂರಬೇಕು. ಇವೆರಡನ್ನೂ ಬೇರೆ ಬೇರೆಯಾಗಿ ಯೋಚಿಸಿದರೆ ತಪ್ಪಾಗುತ್ತದೆ, ಏಕೆಂದರೆ ಒಂದೇ ಎಂಜಿನ್ನಿನಲ್ಲಿ ಒಂದೇ ಕ್ಷಣದಲ್ಲಿ ನೀರು ಹೊರಬೀಳುವ ಬಾಯಲ್ಲಿ ಒಂದು ಬಿಸಿಯಿದ್ದರೆ, ರೇಡಿಯೇಟರಿನ ಕೆಳಗಿನ ಕೊಳವೆಯಲ್ಲಿ ಅದಕ್ಕಿಂತ ಕಡಿಮೆ ಬಿಸಿಯಿರುತ್ತದೆ.

ಮೊದಲು ಥರ್ಮೋಸ್ಟಾಟನ್ನು, ಅಂದರೆ ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟವನ್ನು ಗಮನಿಸಬೇಕು. ಅದರ ಮೇಲೆ 82 ಎಂದಿದ್ದರೆ ಅದು ತೆರೆಯಲು ಶುರುಮಾಡುವ ಬಿಸಿ. ಪೂರ್ತಿ ತೆರೆಯುವುದು ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರಿದ ಮೇಲೆ. ಫ್ಯಾನು ಕೂಡುವ ಬಿಸಿ ಇದಕ್ಕಿಂತ ಕೆಳಗಿದ್ದರೆ ಫ್ಯಾನ್ ಮತ್ತು ಥರ್ಮೋಸ್ಟಾಟ್ ಎರಡೂ ಪರಸ್ಪರ ಜಗ್ಗಾಡುತ್ತವೆ, ಒಮ್ಮೆ ಶುರುವಾದ ಫ್ಯಾನು ನಿಲ್ಲುವುದೇ ಇಲ್ಲ. ಉಷ್ಣ ಸ್ವಿಚ್ಚಿನ ಮೇಲೆ 92/87 ಎಂಬಂತೆ ಎರಡು ಅಂಕಿಗಳಿರುತ್ತವೆ: 92ಕ್ಕೆ ಕೂಡುತ್ತದೆ, 87ಕ್ಕೆ ಬಿಡುತ್ತದೆ. ನಡುವಿನ ಈ ಅಂತರ ಇಲ್ಲದಿದ್ದರೆ ರಿಲೇ ನಿಮಿಷಕ್ಕೆ ಹಲವು ಬಾರಿ ಟಕಟಕಿಸಿ ಬೇಗ ಸವೆಯುತ್ತದೆ. 82ರ ಥರ್ಮೋಸ್ಟಾಟಿಗೆ, ಸ್ವಿಚ್ಚು ಎಂಜಿನ್ನಿನಿಂದ ನೀರು ಹೊರಬರುವ ಕಡೆ ಇದ್ದರೆ ಸುಮಾರು 95ಕ್ಕೆ ಕೂಡಿ 88ರಿಂದ 90ರೊಳಗೆ ಬಿಡುವಂಥದ್ದು ಹೊಂದುತ್ತದೆ. ರೇಡಿಯೇಟರಿನ ತಣ್ಣಗಾದ ಬದಿಯಲ್ಲಿದ್ದರೆ ಐದರಿಂದ ಎಂಟು ಡಿಗ್ರಿ ಕಡಿಮೆಯದು ಬೇಕಾಗುತ್ತದೆ.

ಮೀಟರಿನ ಮುಳ್ಳು ನೂರನ್ನು ಮುಟ್ಟಿತೆಂದು ಗಾಬರಿಯಾಗಬೇಕಾಗಿಲ್ಲ. ಒಂದು ಬಾರ್ ಒತ್ತಡದ ಮುಚ್ಚಳದೊಳಗೆ ಬರೀ ನೀರು ಕೂಡ ಸುಮಾರು 120 ಡಿಗ್ರಿಗೆ ಕುದಿಯುತ್ತದೆ, ಅರ್ಧಕ್ಕರ್ಧ ಕೂಲಂಟ್ ಬೆರೆತಿದ್ದರೆ ಇನ್ನೂ ಮೇಲೆ. ಆದರೆ ಆ ಮುಚ್ಚಳದ ರಬ್ಬರ್ ಸವೆದು ಒತ್ತಡ ನಿಲ್ಲದಿದ್ದರೆ ಈ ರಕ್ಷಣೆ ಇಲ್ಲವಾಗುತ್ತದೆ. ಫ್ಯಾನಿನ ಮೇಲೆ ದೂರು ಹೊರಿಸುವ ಮೊದಲು ಮುಚ್ಚಳವನ್ನು ಬದಲಾಯಿಸಿ ನೋಡುವುದು ಅಗ್ಗದ ಪ್ರಯೋಗ.

ಇನ್ನು ಜಾಗ. ಸ್ವಿಚ್ಚಿನ ತುದಿ ಹರಿಯುವ ನೀರಿನಲ್ಲಿ ಮುಳುಗಿರಬೇಕು. ರೇಡಿಯೇಟರಿನ ರೆಕ್ಕೆಗಳ ನಡುವೆ ಚುಚ್ಚುವ ಕಡ್ಡಿಯಂಥ ಸೆನ್ಸರುಗಳು ಕೂರಿಸಲು ಸುಲಭವಾದರೂ ಅವು ನೀರಿಗಿಂತ ಹೆಚ್ಚಾಗಿ ಗಾಳಿಯ ಬಿಸಿಯನ್ನು ಅಳೆಯುತ್ತವೆ, ನಡುಕಕ್ಕೆ ಉಜ್ಜಿ ಕೊಳವೆಯನ್ನು ತೂತು ಮಾಡುವುದೂ ಉಂಟು. ನಾನು ಅವನ್ನು ಬಳಸುವುದಿಲ್ಲ. ರೇಡಿಯೇಟರಿನಲ್ಲೇ ಸ್ವಿಚ್ಚಿಗೆಂದು ತಿರುಪಿನ ಬಾಯಿ ಇದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ಹೋಸನ್ನು ಕತ್ತರಿಸಿ ನಡುವೆ ಲೋಹದ ಅಡಾಪ್ಟರ್ ಹಾಕಬಹುದು. ಇಲ್ಲಿ ಒಂದು ಬಲೆಯಿದೆ. ಒಂದೇ ಪಿನ್ನಿನ ಸ್ವಿಚ್ಚು ತನ್ನ ಮೈಯ ಮೂಲಕವೇ ಅರ್ತ್ ಪಡೆಯುತ್ತದೆ. ಎರಡು ರಬ್ಬರ್ ಹೋಸುಗಳ ನಡುವೆ ತೂಗುತ್ತಿರುವ ಅಡಾಪ್ಟರಿಗೆ, ಅಥವಾ ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರಿಗೆ ಅರ್ತ್ ಎಲ್ಲಿಂದ ಬರಬೇಕು? ಅಡಾಪ್ಟರಿಗೆ ಪ್ರತ್ಯೇಕ ಅರ್ತ್ ವೈರು ಕೊಡಬೇಕು, ಇಲ್ಲವೇ ಎರಡು ಪಿನ್ನಿನ ಸ್ವಿಚ್ಚನ್ನೇ ಆರಿಸಬೇಕು. ಡ್ಯಾಶ್‌ಬೋರ್ಡಿನ ಮೀಟರಿಗೆ ಬಿಸಿ ತಿಳಿಸುವ ಸೆನ್ಸರು ನೋಡಲು ಹೀಗೆಯೇ ಇದ್ದರೂ ಅದು ಸ್ವಿಚ್ಚಲ್ಲ, ಬಿಸಿಗೆ ತಕ್ಕಂತೆ ರೋಧ ಬದಲಾಗುವ ಭಾಗ. ಅದಕ್ಕೆ ರಿಲೇ ಕಟ್ಟಿದರೆ ರಿಲೇಯೂ ಎಳೆಯುವುದಿಲ್ಲ, ಮೀಟರೂ ಸುಳ್ಳು ಹೇಳುತ್ತದೆ.

ಕೂಡಿಸುವ ಮುನ್ನ ಸ್ವಿಚ್ಚನ್ನು ಒಲೆಯ ಮೇಲಿನ ಪಾತ್ರೆಯ ನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿದು, ಥರ್ಮಾಮೀಟರು ಮತ್ತು ಮಲ್ಟಿಮೀಟರು ಎರಡನ್ನೂ ಇಟ್ಟುಕೊಂಡು ಒಮ್ಮೆ ಪರೀಕ್ಷಿಸುವುದು ಹತ್ತು ನಿಮಿಷದ ಕೆಲಸ. ಬರೆದ ಅಂಕಿಗೂ ನಿಜಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಕಂಡರೆ ಅಚ್ಚರಿಪಡಬೇಕಿಲ್ಲ.

ಸುರುಳಿಗೆ ಪಾಸಿಟಿವ್ ಎಲ್ಲಿಂದ

86ಕ್ಕೆ ಕೊಡುವ ವೈರನ್ನು ಇಗ್ನಿಷನ್ ಆನ್ ಆದಾಗ ಮಾತ್ರ ಜೀವ ಬರುವ, ಸ್ಟಾರ್ಟರ್ ತಿರುಗುವಾಗ ಕಡಿತವಾಗುವ ಒಂದು ಲೈನಿನಿಂದ ಐದು ಆಂಪಿಯರ್ ಫ್ಯೂಸಿನ ಮೂಲಕ ತೆಗೆದುಕೊಳ್ಳುವುದು ನನ್ನ ಸಲಹೆ. ಹಾಗೆ ಮಾಡಿದರೆ ಬಿಸಿ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಫ್ಯಾನು ಬ್ಯಾಟರಿಯನ್ನು ಹಂಚಿಕೊಳ್ಳುವುದಿಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗಬೇಕೆಂದು ಕೆಲವರು ಸುರುಳಿಯನ್ನು ನೇರ ಬ್ಯಾಟರಿಗೆ ಕಟ್ಟುತ್ತಾರೆ. ನೀರಿನ ಪಂಪು ಎಂಜಿನ್ನಿನೊಡನೆಯೇ ನಿಂತಿರುವಾಗ ಫ್ಯಾನು ರೇಡಿಯೇಟರಿನೊಳಗಿನ ನೀರನ್ನಷ್ಟೇ ತಣಿಸಬಲ್ಲುದು, ಬಿಸಿಯಾಗಿರುವ ಸಿಲಿಂಡರ್ ಹೆಡ್ಡಿಗೆ ಅದರ ಲಾಭ ಅತ್ಯಲ್ಪ. ಸ್ವಿಚ್ಚು ಕೂಡಿಕೊಂಡೇ ಕೆಟ್ಟರೆ ಮಾತ್ರ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ.

ಸುರುಳಿಯ ಪಾಸಿಟಿವ್ ಅನ್ನೂ ಫ್ಯಾನಿನ ಭಾರವನ್ನೂ ಒಂದೇ ಇಗ್ನಿಷನ್ ವೈರಿನಿಂದ ತೆಗೆದವರಿಗೆ ಇನ್ನೊಂದು ವಿಚಿತ್ರ ಕಾದಿರುತ್ತದೆ. ಕೀ ತಿರುಗಿಸಿದರೂ ಎಂಜಿನ್ ತಕ್ಷಣ ನಿಲ್ಲದಿರಬಹುದು. ತಿರುಗುತ್ತಿರುವ ಫ್ಯಾನಿನ ಮೋಟಾರು ಆ ಕ್ಷಣಗಳಲ್ಲಿ ಡೈನಮೋ ಆಗಿ ವರ್ತಿಸಿ, ತನ್ನ ರಿಲೇಯನ್ನೂ ಇಗ್ನಿಷನ್ ಲೈನನ್ನೂ ತಾನೇ ಜೀವಂತವಾಗಿಡುತ್ತದೆ. ಭಾರದ ವೈರು ಬ್ಯಾಟರಿಯಿಂದಲೇ ನೇರ ಬರಬೇಕೆನ್ನಲು ಇದೂ ಒಂದು ಕಾರಣ.

85ರಿಂದ ಹೊರಟ ವೈರು ಉಷ್ಣ ಸ್ವಿಚ್ಚಿನ ಮೂಲಕ ಅರ್ತಿಗೆ ಹೋಗುತ್ತದೆ. ಆ ಸ್ವಿಚ್ಚಿಗೆ ಸಮಾನಾಂತರವಾಗಿ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೈಸ್ವಿಚ್ಚನ್ನು ಇಟ್ಟರೆ ಉಷ್ಣ ಸ್ವಿಚ್ಚು ಕೈಕೊಟ್ಟ ದಿನ ಫ್ಯಾನನ್ನು ನಾವೇ ಓಡಿಸಬಹುದು. ಆ ಕೈಸ್ವಿಚ್ಚು ಆನ್ ಮಾಡಲು ಮಾತ್ರ ಇರಬೇಕು. ಫ್ಯಾನನ್ನು ಆಫ್ ಮಾಡಬಲ್ಲ ಸ್ವಿಚ್ಚನ್ನು ಎಂದಾದರೂ ಒಬ್ಬರು ಆಫ್ ಮಾಡಿ ಮರೆತೇ ಮರೆಯುತ್ತಾರೆ. ಆಳದ ನೀರು ದಾಟುವ ವಾಹನಗಳು ಮಾತ್ರ ಇದಕ್ಕೆ ಹೊರತು, ಏಕೆಂದರೆ ನೀರಿನೊಳಗೆ ತಿರುಗುವ ಪ್ಲಾಸ್ಟಿಕ್ ಅಲಗು ಬಾಗಿ ರೇಡಿಯೇಟರನ್ನು ಸೀಳಬಹುದು. 87ರಿಂದ ಒಂದು ಪುಟ್ಟ ಫ್ಯೂಸಿನ ಮೂಲಕ ಡ್ಯಾಶ್‌ಬೋರ್ಡಿಗೆ ಒಂದು ದೀಪವನ್ನೂ ಕೊಟ್ಟರೆ ಫ್ಯಾನಿಗೆ ವಿದ್ಯುತ್ ಹೊರಟಿದೆಯೇ ಎಂಬುದು ಕೂತಲ್ಲೇ ತಿಳಿಯುತ್ತದೆ.

ಎ.ಸಿ. ಇರುವ ವಾಹನದಲ್ಲಿ ಅದರ ಬಿಸಿಯನ್ನು ಹೊರಹಾಕುವ ಕಂಡೆನ್ಸರಿಗಾಗಿಯೂ ಫ್ಯಾನು ತಿರುಗಬೇಕು. ಎ.ಸಿ. ಕಡೆಯಿಂದ ಅರ್ತ್ ಕೊಡುವ ಒತ್ತಡದ ಸ್ವಿಚ್ಚು ಸಿಕ್ಕರೆ ಅದನ್ನು ಉಷ್ಣ ಸ್ವಿಚ್ಚಿಗೆ ಸಮಾನಾಂತರವಾಗಿ ಸೇರಿಸಿದರೆ ಮುಗಿಯಿತು. ಆದರೆ ಕಂಪ್ರೆಸರಿನ ಕ್ಲಚ್ಚಿಗೆ ಹೋಗುವ ವೈರು ಪಾಸಿಟಿವ್ ಆಗಿರುತ್ತದೆ. ಅದನ್ನು ನೇರವಾಗಿ 85ಕ್ಕೆ ತಂದು ಕಟ್ಟಿದರೆ ಉಷ್ಣ ಸ್ವಿಚ್ಚು ಕೂಡಿದಾಗ ಶಾರ್ಟ್ ಆಗುತ್ತದೆ. ಅದಕ್ಕೆ ಇನ್ನೊಂದು ಚಿಕ್ಕ ರಿಲೇ ಇಟ್ಟು, ಆ ರಿಲೇಯ ಸುರುಳಿಯನ್ನು ಕ್ಲಚ್ಚಿನ ವೈರಿನಿಂದ ಎಳೆಸಿ, ಅದರ ಸಂಪರ್ಕಗಳು 85ಕ್ಕೆ ಅರ್ತ್ ಕೊಡುವಂತೆ ಮಾಡಬೇಕು.

ಎರಡು ವೇಗ

ಜೋಡಿ ಫ್ಯಾನುಗಳಿದ್ದಲ್ಲಿ ಮೂರು ರಿಲೇಗಳಿಂದ ಎರಡು ವೇಗ ಪಡೆಯುವ ಹಳೆಯ ಉಪಾಯ ಇಂದಿಗೂ ಚೆನ್ನಾಗಿದೆ. ಮೊದಲ ರಿಲೇ ಎಡ ಫ್ಯಾನಿನ ಪಾಸಿಟಿವ್‌ಗೆ ವಿದ್ಯುತ್ ಕೊಡುತ್ತದೆ. ಎಡ ಫ್ಯಾನಿನ ನೆಗೆಟಿವ್ ನೇರ ಅರ್ತಿಗೆ ಹೋಗದೆ, ಐದು ಪಿನ್ನಿನ ಎರಡನೆಯ ರಿಲೇಯ 30ಕ್ಕೆ ಹೋಗುತ್ತದೆ. ಅದರ 87ಎ ಬಲ ಫ್ಯಾನಿನ ಪಾಸಿಟಿವ್‌ಗೆ, 87 ಅರ್ತಿಗೆ. ಮೂರನೆಯ ರಿಲೇ ಬಲ ಫ್ಯಾನಿನ ಪಾಸಿಟಿವ್‌ಗೆ ತನ್ನದೇ ಫ್ಯೂಸಿನಿಂದ ವಿದ್ಯುತ್ ಕೊಡುತ್ತದೆ. ಬಲ ಫ್ಯಾನಿನ ನೆಗೆಟಿವ್ ಸದಾ ಅರ್ತಿನಲ್ಲಿರುತ್ತದೆ. ಮೊದಲ ರಿಲೇ ಒಂದೇ ಎಳೆದಾಗ ಎರಡು ಫ್ಯಾನುಗಳೂ ಸರಣಿಯಲ್ಲಿ ಬಂದು, ಒಂದೊಂದಕ್ಕೂ ಅರ್ಧ ವೋಲ್ಟೇಜ್ ಸಿಕ್ಕಿ, ಸದ್ದಿಲ್ಲದೆ ತಿರುಗುತ್ತವೆ. ಮೂರೂ ಎಳೆದಾಗ ಎರಡಕ್ಕೂ ಪೂರ್ತಿ ವೋಲ್ಟೇಜ್. ಎರಡನೆಯ ಮತ್ತು ಮೂರನೆಯ ರಿಲೇಗಳ ಸುರುಳಿಗಳನ್ನು ಒಟ್ಟಿಗೆ ಕಟ್ಟಿ ಹೆಚ್ಚಿನ ಬಿಸಿಯ ಸ್ವಿಚ್ಚಿಗೆ ಕೊಟ್ಟರೆ ಸಾಕು. ಕಡಿಮೆ ವೇಗದಲ್ಲಿ ಒಂದು ಫ್ಯಾನಿನ ಬ್ರಷ್ ಹೋದರೆ ಎರಡೂ ನಿಲ್ಲುತ್ತವೆ ಎಂಬುದು ಈ ವ್ಯವಸ್ಥೆಯ ಒಂದೇ ದೊಡ್ಡ ಕೊರತೆ.

ಒಂದೇ ಫ್ಯಾನಿಗೆ ರೋಧಕವನ್ನು ಸರಣಿಯಲ್ಲಿಟ್ಟು ವೇಗ ತಗ್ಗಿಸುವುದೂ ಇದೆ. 0.3 ಓಮಿನ ರೋಧಕದಲ್ಲಿ 15 ಆಂಪಿಯರ್ ಹರಿದರೆ 67 ವ್ಯಾಟ್ ಬರೀ ಬಿಸಿಯಾಗಿ ಹೋಗುವುದರಿಂದ ಅದನ್ನು ಫ್ಯಾನಿನ ಗಾಳಿ ಬೀಸುವಲ್ಲೇ ಇಡಬೇಕು.

ಪಿ.ಡಬ್ಲ್ಯು.ಎಂ. ನಿಯಂತ್ರಕಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕೂಡಿಸಿ ವೇಗವನ್ನು ಬೇಕಾದಷ್ಟಕ್ಕೆ ನಿಲ್ಲಿಸುತ್ತವೆ, ಹೊರಡುವ ಕ್ಷಣದ ಸೆಳೆತವನ್ನೂ ಮೆತ್ತಗಾಗಿಸುತ್ತವೆ. ಫ್ಯಾನಿನ ಗಾಳಿ ವೇಗದ ಪ್ರಮಾಣದಲ್ಲಿ ಏರಿದರೆ ಅದು ಬೇಡುವ ಶಕ್ತಿ ವೇಗದ ಘನದಷ್ಟು ಏರುತ್ತದೆ. ಅರ್ಧ ವೇಗಕ್ಕೆ ಎಂಟನೆಯ ಒಂದು ಭಾಗದ ಶಕ್ತಿ ಸಾಕು. ಆದ್ದರಿಂದ ಆಗಾಗ ಪೂರ್ತಿ ವೇಗದಲ್ಲಿ ತಿರುಗಿ ನಿಲ್ಲುವುದಕ್ಕಿಂತ ಸದಾ ಮೆಲ್ಲಗೆ ತಿರುಗುವುದು ಆಲ್ಟರ್ನೇಟರಿಗೆ ಎಷ್ಟೋ ಹಗುರ. ಇಂಥ ನಿಯಂತ್ರಕದ ಮತ್ತು ಫ್ಯಾನಿನ ನಡುವೆ ರಿಲೇ ಇಡಬಾರದು, ರಿಲೇಯ ಸುರುಳಿಗೆ ಈ ಬಗೆಯ ಸಂಕೇತ ಕೊಡಬಾರದು. ಬ್ರಷ್‌ರಹಿತ ಫ್ಯಾನುಗಳಲ್ಲಿ ನಿಯಂತ್ರಕ ಮೋಟಾರಿನೊಳಗೇ ಇರುತ್ತದೆ. ಅವಕ್ಕೆ ದಪ್ಪ ವೈರಿನಲ್ಲಿ ಬ್ಯಾಟರಿಯ ವಿದ್ಯುತ್ತೂ ತೆಳು ವೈರಿನಲ್ಲಿ ಸಂಕೇತವೂ ಬೇರೆ ಬೇರೆಯಾಗಿ ಹೋಗಬೇಕು, ಆ ಸಂಕೇತ ಯಾವ ಬಗೆಯದೆಂದು ಫ್ಯಾನಿನ ವಿವರಪತ್ರದಲ್ಲಿ ನೋಡಿಯೇ ಕೊಡಬೇಕು. ವಾಹನದ ಇ.ಸಿ.ಯು. (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರು) ಫ್ಯಾನನ್ನು ನಿಯಂತ್ರಿಸುವುದಾದರೆ ಅದರ ಪಿನ್ನಿಗೆ ರಿಲೇಯ ಸುರುಳಿಯನ್ನಷ್ಟೇ ಕಟ್ಟಬೇಕು, ಅದೂ ಡಯೋಡಿನೊಡನೆ.

ಓಡಿಸಿ ನೋಡುವುದು

ಮೊದಲು ದಿಕ್ಕು. ರೇಡಿಯೇಟರಿನ ಹಿಂದೆ ಕೂತ ಫ್ಯಾನು ಗಾಳಿಯನ್ನು ಎಂಜಿನ್ನಿನ ಕಡೆಗೆ ಎಳೆಯಬೇಕು. ಮುಂದಿನಿಂದ ಹಿಡಿದ ಕಾಗದ ರೇಡಿಯೇಟರಿಗೆ ಅಂಟಿಕೊಂಡರೆ ಸರಿ, ಹಾರಿದರೆ ಪಾಸಿಟಿವ್ ನೆಗೆಟಿವ್ ಅದಲುಬದಲಾಗಿದೆ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಕವಚ ಇಲ್ಲದಿದ್ದರೆ ಗಾಳಿ ಹಾಯುವುದು ಅಲಗಿನ ವೃತ್ತದಲ್ಲಿ ಮಾತ್ರ. 40 ಸೆಂಟಿಮೀಟರ್ ವ್ಯಾಸದ ಫ್ಯಾನು 60ಕ್ಕೆ 40 ಸೆಂಟಿಮೀಟರಿನ ರೇಡಿಯೇಟರಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನಷ್ಟೇ ಮುಟ್ಟುತ್ತದೆ. ವೈರಿಂಗಿನಿಂದ ಆ ಕೊರತೆ ತುಂಬುವುದಿಲ್ಲ.

ಆಮೇಲೆ ಕೂಲಂಟ್ ತುಂಬಿ ಗಾಳಿಯ ಗುಳ್ಳೆಗಳನ್ನು ಪೂರ್ತಿ ಹೊರಹಾಕಬೇಕು. ಸ್ವಿಚ್ಚಿನ ತುದಿ ಗಾಳಿಯ ಗುಳ್ಳೆಯೊಳಗಿದ್ದರೆ ಎಂಜಿನ್ ಕುದಿದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ, ಮತ್ತು ಹೊಸ ವೈರಿಂಗಿನ ಮೊದಲ ದಿನವೇ ಫ್ಯಾನ್ ತಿರುಗದಿರಲು ಬಹಳ ಸಲ ಇದೇ ಕಾರಣ. ಸ್ವಿಚ್ಚಿನ ಕನೆಕ್ಟರನ್ನು ಬಿಚ್ಚಿ ಅದರ ಎರಡು ತುದಿಗಳನ್ನು ಒಂದು ವೈರಿನಿಂದ ಕೂಡಿಸಿದಾಗ, ಅಥವಾ ಒಂದೇ ಪಿನ್ನಿನದಾದರೆ ಆ ವೈರನ್ನು ಅರ್ತಿಗೆ ಮುಟ್ಟಿಸಿದಾಗ ಫ್ಯಾನು ತಿರುಗಿದರೆ, ರಿಲೇಯಿಂದ ಆಚೆ ಎಲ್ಲವೂ ಸರಿಯಿದೆ, ಹುಡುಕಬೇಕಾದದ್ದು ಸ್ವಿಚ್ಚಿನಲ್ಲಿ ಅಥವಾ ನೀರಿನಲ್ಲಿ. ನಿಂತಾಗ ಮಾತ್ರ ಬಿಸಿಯಾಗುವ ವಾಹನದಲ್ಲಿ ಫ್ಯಾನನ್ನು ಶಂಕಿಸುವುದು ನ್ಯಾಯ. ಗಂಟೆಗೆ 60 ಕಿಲೋಮೀಟರಿಗೂ ಮೀರಿ ಓಡುವಾಗ ಬಿಸಿಯಾಗುವುದಾದರೆ ಗಾಳಿ ತಾನಾಗಿಯೇ ಸಾಕಷ್ಟು ಬರುತ್ತಿರುತ್ತದೆ, ಆಗ ರೇಡಿಯೇಟರ್, ಪಂಪು ಅಥವಾ ಥರ್ಮೋಸ್ಟಾಟನ್ನು ನೋಡಬೇಕು.

ಕೊನೆಗೆ, ಎಂಜಿನ್ ಐಡ್ಲಿಂಗಿನಲ್ಲಿದ್ದು ಫ್ಯಾನು ಪೂರ್ತಿ ವೇಗದಲ್ಲಿರುವಾಗ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ನಲ್ಲಿ, ಇನ್ನೊಂದನ್ನು ಫ್ಯಾನಿನ ಪಾಸಿಟಿವ್‌ನಲ್ಲಿ ಇಟ್ಟು ಅಳೆಯಬೇಕು. ಅದೇ ರೀತಿ ನೆಗೆಟಿವ್ ಕಡೆಯೂ. ಪಾಸಿಟಿವ್ ಕಡೆ ಅರ್ಧ ವೋಲ್ಟಿನೊಳಗೆ, ನೆಗೆಟಿವ್ ಕಡೆ 0.2 ವೋಲ್ಟಿನ ಸುತ್ತ ಇದ್ದರೆ ಕೆಲಸ ಚೆನ್ನಾಗಿದೆ. ಅದಕ್ಕಿಂತ ಹೆಚ್ಚಿದ್ದರೆ ಒಂದು ತುದಿಯನ್ನು ಜೋಡಣೆಯಿಂದ ಜೋಡಣೆಗೆ ಸರಿಸುತ್ತಾ ಹೋದಂತೆ ನಷ್ಟ ಎಲ್ಲಿ ಥಟ್ಟನೆ ಏರಿತೋ ಅಲ್ಲೇ ದೋಷವಿದೆ. ಹದಿನೈದು ನಿಮಿಷ ಫ್ಯಾನ್ ಓಡಿದ ಮೇಲೆ ರಿಲೇಯ ಬುಡ, ಫ್ಯೂಸಿನ ಹೋಲ್ಡರ್, ಅರ್ತಿನ ಬೋಲ್ಟುಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಜೋಡಣೆಯನ್ನು ಬಿಚ್ಚಿ ಹೊಸದಾಗಿ ಮಾಡಬೇಕು. ಅಳೆದ ಎರಡು ಅಂಕಿಗಳನ್ನು ರಿಲೇಯ ಮುಚ್ಚಳದ ಮೇಲೆಯೇ ಬರೆದಿಟ್ಟು ಒಂದು ತಿಂಗಳ ಮೇಲೆ ಮತ್ತೆ ಅಳೆದಾಗ ಅವು ಏರಿದ್ದರೆ, ಬೋಲ್ಟೊಂದು ಸಡಿಲವಾಗುತ್ತಿದೆ ಅಥವಾ ಲಗ್ಗೊಂದರೊಳಗೆ ನೀರು ಸೇರುತ್ತಿದೆ ಎಂದು ತಿಳಿದು ಆಗಲೇ ಹುಡುಕಬೇಕು.